ಜಾವಾ–ಯೆಜ್ಡಿ ಬೈಕುಗಳಲ್ಲಿ ಡ್ರೈವ್ ಸಡಿಲ ಮತ್ತು ಕ್ಲಚ್ ಸವೆತ

ಎಂಜಿನ್ನಿನ ಕ್ರ್ಯಾಂಕಿನಿಂದ ಹಿಂಚಕ್ರದವರೆಗೆ ಬಲ ಸಾಗುವ ದಾರಿಯಲ್ಲಿ ಅಲ್ಲಲ್ಲಿ ಸೇರಿಕೊಂಡ ಸಡಿಲಕ್ಕೆ ಗ್ಯಾರೇಜಿನ ಮಾತಿನಲ್ಲಿ 'ಪ್ಲೇ' ಎಂದು ಹೆಸರು. ಅದೇ ದಾರಿಯ ನಡುವೆ ಕೂತಿರುವ ಕ್ಲಚ್ಚು ಹಿಡಿತ ಬಿಟ್ಟರೆ 'ಸ್ಲಿಪ್'. ಎರಡರ ಸ್ವಭಾವವೂ ಒಂದಕ್ಕೊಂದು ತದ್ವಿರುದ್ಧ. ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುಗಿಸಿದಾಗ, ಅಂದರೆ ಬಲದ ದಿಕ್ಕು ಬದಲಾದ ಗಳಿಗೆಯಲ್ಲಿ, ಪ್ಲೇ ಎದ್ದು ಕಾಣುತ್ತದೆ. ಬಲ ಒಂದೇ ದಿಕ್ಕಿನಲ್ಲಿ ಪೂರ್ತಿ ಬಿದ್ದಾಗ ಮಾತ್ರ ಸ್ಲಿಪ್ ಕಾಣುತ್ತದೆ. ಹೀಗಿದ್ದರೂ ಹಳೆಯ ಗಾಡಿಯೊಂದು ಜರ್ಕ್ ಹೊಡೆಯಲಿ, ಎಳೆಯದೆ ಕೂರಲಿ, ಗೇರ್ ಬೀಳುವಾಗ 'ಟಕ್' ಎನ್ನಲಿ, ಬರುವ ತೀರ್ಪು ಸಾಮಾನ್ಯವಾಗಿ ಒಂದೇ: ಕ್ಲಚ್ ಹೋಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿಯಿಂದ ಇನ್ನೂ ಬಾಳಿಕೆಯಿದ್ದ ಎಷ್ಟೋ ಪ್ಲೇಟುಗಳು ಗುಜರಿಗೆ ಹೋಗುತ್ತವೆ. ದೂರು ಮಾತ್ರ ಅಲ್ಲೇ ಉಳಿಯುತ್ತದೆ. ಸಡಿಲ ಎಂಬುದು ಒಂದು ಭಾಗದ ರೋಗವಲ್ಲ, ಹಲವು ಭಾಗಗಳ ಸಣ್ಣ ಸಣ್ಣ ಸವೆತಗಳ ಮೊತ್ತ. ಆ ಮೊತ್ತದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಒಂದು ಬೋಲ್ಟನ್ನೂ ಬಿಚ್ಚದೆ ಬಹುಮಟ್ಟಿಗೆ ಹೇಳಬಹುದು ಎಂಬುದು ಈ ಲೇಖನದ ವಾದ.

ಮೈಸೂರು ಸೀಮೆಯಲ್ಲಿ ಈ ವಿಷಯಕ್ಕೆ ಜಾವಾ–ಯೆಜ್ಡಿಗಿಂತ ಒಳ್ಳೆಯ ಉದಾಹರಣೆ ಸಿಗದು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇರಾನಿ ಕುಟುಂಬ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. ಅದನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ರ್‍ಯಾಲಿ, ಮೋಟೊಕ್ರಾಸ್ ಹುಡುಗರ ಗಾಡಿಯೆನಿಸಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಈಗ ರಸ್ತೆಯ ಮೇಲಿರುವ ಯಾವ ಮೈಸೂರು ಜಾವಾಕ್ಕೂ ಮೂರು ದಶಕದ ಹತ್ತಿರ ಹತ್ತಿರ ವಯಸ್ಸಾಗಿದೆ, ಹಲವಕ್ಕೆ ಅದರ ಎರಡರಷ್ಟು. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಜಾವಾ ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ ಬೇರೆಯೇ ಎಂಜಿನ್ನಿನ ಬೈಕು. ಹಳೆಯದಕ್ಕೂ ಅದಕ್ಕೂ ಹೆಸರು, ರೂಪ ಬಿಟ್ಟರೆ ನೆಂಟಸ್ತಿಕೆಯಿಲ್ಲ. ನಂಜನಗೂಡು, ತಿ. ನರಸೀಪುರದ ಕಡೆ ಈ ಹಳೆಯ ಗಾಡಿಗಳು ಷೋಕಿಗಷ್ಟೇ ಓಡಿದವಲ್ಲ. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹಿಂದೆ ಇಬ್ಬರನ್ನು ಹೊತ್ತು ನಾಲೆಯ ಏರಿಯ ಮೇಲೂ ಗದ್ದೆ ಬಯಲಿನ ದಾರಿಯಲ್ಲೂ ಓಡಿದವು. ಸವೆತದ ಕತೆ ಶುರುವಾಗುವುದೇ ಅಲ್ಲಿ.

ಸಡಿಲದಿಂದ ಹೊಡೆತ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಂಜನಗೂಡಿನ ದೊಡ್ಡ ಜಾತ್ರೆಯ ರಥದ ಹಗ್ಗವೇ ಸಾಕ್ಷಿ. ಪಂಚ ಮಹಾರಥೋತ್ಸವದಲ್ಲಿ ಹಗ್ಗವನ್ನು ಮೊದಲು ಬಿಗಿಯಾಗುವವರೆಗೆ ನಿಧಾನ ಎಳೆದು, ಆಮೇಲೆ ಎಲ್ಲರೂ ಒಟ್ಟಿಗೆ ಮೈಭಾರ ಹಾಕಿದರೆ ತೇರು ನಯವಾಗಿ ಕದಲುತ್ತದೆ. ಹಗ್ಗ ಜೋಲುಬಿದ್ದಿರುವಾಗಲೇ ಓಡುತ್ತ ಎಳೆದರೆ ಜನ ವೇಗ ಹಿಡಿದುಬಿಡುತ್ತಾರೆ, ಹಗ್ಗ ಒಮ್ಮೆಲೇ ಬಿಗಿದು ಎಲ್ಲರ ಮೈಯೂ ಜಗ್ಗುತ್ತದೆ. ಬೈಕಿನಲ್ಲಿ ಹಗ್ಗದ ಜಾಗದಲ್ಲಿ ಚೈನಿದೆ, ಗೇರಿನ ಹಲ್ಲುಗಳ ನಡುವಿನ ಸಂದಿದೆ, ಸ್ಪ್ಲೈನಿನ ಸವೆದ ಅಂಚಿದೆ. ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಈ ಸಂದುಗಳನ್ನೆಲ್ಲ ಭಾರವಿಲ್ಲದೆ ದಾಟುತ್ತದೆ, ದಾಟುವಾಗ ವೇಗ ಗಳಿಸಿಕೊಳ್ಳುತ್ತದೆ, ಕೊನೆಯ ಸಂದು ಮುಗಿದೊಡನೆ ಆ ವೇಗವನ್ನು ಚಕ್ರದ ಮೇಲೆ ಸುತ್ತಿಗೆಯಂತೆ ಇಳಿಸುತ್ತದೆ. ಹೊಡೆತದ ತೀವ್ರತೆ ಸಂದಿನ ಅಳತೆಯನ್ನು ಮಾತ್ರ ಅವಲಂಬಿಸಿಲ್ಲ, ಎಂಜಿನ್ ಬಿಡುವಾಗಿ ಎಷ್ಟು ತಿರುಗಿತು ಎಂಬುದನ್ನೂ ಅವಲಂಬಿಸಿದೆ. ಇಲ್ಲಿ ಗೇರಿನ ಅನುಪಾತ ನಡುವೆ ಬರುತ್ತದೆ. ಪತ್ತೆಯ ಕೀಲಿಯೂ ಅದರಲ್ಲೇ ಇದೆ.

ಲೆಕ್ಕ ಸುಲಭವಾಗಲೆಂದು ಒಂದನೇ ಗೇರಿನ ಅನುಪಾತ 3, ನಾಲ್ಕನೆಯದು 1, ಹಿಂದಿನ ಚೈನಿನದು 2.5 ಎಂದಿಟ್ಟುಕೊಳ್ಳೋಣ. ಹಿಂಚಕ್ರದ ಹತ್ತಿರ, ಅಂದರೆ ಚೈನಿನಲ್ಲೋ ಹಬ್ಬಿನಲ್ಲೋ 4 ಡಿಗ್ರಿ ಸಡಿಲವಿದೆ. ನಾಲ್ಕನೇ ಗೇರಿನಲ್ಲಿ ಆ ಸಡಿಲ ತುಂಬಲು ಕ್ಲಚ್ಚು 10 ಡಿಗ್ರಿ ಬಿಡುವಾಗಿ ತಿರುಗಿದರೆ ಸಾಕು. ಒಂದನೇ ಗೇರಿನಲ್ಲಿ 30 ಡಿಗ್ರಿ ತಿರುಗಬೇಕು. ಪೇಟೆಯ ಗಿಜಿಬಿಜಿಯಲ್ಲಿ ಒಂದನೇ ಗೇರಿನಲ್ಲಿ ಗಾಡಿ ಎಗರೆಗರಿ ಬೀಳುವುದಕ್ಕೂ, ಅದೇ ಗಾಡಿ ಹೆದ್ದಾರಿಯಲ್ಲಿ ಸಾಧುವಾಗಿ ಓಡುವುದಕ್ಕೂ ಇದೇ ಕಾರಣ. ಒಂದನೇ ಗೇರೇ ಸವೆದಿದೆ ಎಂದುಕೊಳ್ಳಬೇಕಾಗಿಲ್ಲ. ಈಗ ಲೆಕ್ಕವನ್ನು ತಿರುವಿಹಾಕಿ. ಸಡಿಲ ಗೇರ್ ಬಾಕ್ಸಿಗಿಂತ ಮುಂದೆ, ಕ್ರ್ಯಾಂಕಿನಿಂದ ಕ್ಲಚ್ಚಿಗೆ ಬಲ ಒಯ್ಯುವ ಪ್ರೈಮರಿ ಚೈನಿನಲ್ಲೋ ಪ್ಲೇಟುಗಳನ್ನು ಹಿಡಿದಿರುವ ಕ್ಲಚ್ಚಿನ ಬಾಸ್ಕೆಟ್ಟಿನಲ್ಲೋ ಇದ್ದು, ಅಲ್ಲಿ 15 ಡಿಗ್ರಿ ಇದೆ ಎನ್ನಿ. ಚಕ್ರದಲ್ಲಿ ಅದು ಒಂದನೇ ಗೇರಿನಲ್ಲಿ 2 ಡಿಗ್ರಿಯಾಗಿ ಕಾಣುತ್ತದೆ, ನಾಲ್ಕನೆಯದರಲ್ಲಿ 6 ಡಿಗ್ರಿಯಾಗಿ. ಆದ್ದರಿಂದ ಪರೀಕ್ಷೆ ಹೀಗೆ. ಎಂಜಿನ್ ಆರಿಸಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಒಂದನೇ ಗೇರಿಗೆ ತಂದು, ಹಿಂಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಡೆ ಸಿಗುವವರೆಗೆ ಮೆಲ್ಲಗೆ ಆಡಿಸಿ, ಎರಡೂ ತುದಿಯಲ್ಲಿ ಟೈರಿನ ಮೇಲೆ ಬಳಪದ ಗೆರೆ ಎಳೆಯಬೇಕು. ನಾಲ್ಕನೇ ಗೇರಿನಲ್ಲೂ ಹಾಗೆಯೇ ಮಾಡಬೇಕು. ಎರಡು ಅಳತೆಯೂ ಹೆಚ್ಚುಕಡಿಮೆ ಒಂದೇ ಇದ್ದರೆ ಸಡಿಲ ಗೇರ್ ಬಾಕ್ಸಿನ ಹಿಂದಿದೆ. ನಾಲ್ಕನೆಯದರಲ್ಲಿ ಎದ್ದು ಕಾಣುವಷ್ಟು ಹಿಗ್ಗಿದರೆ ಮುಂದಿದೆ. 4 ಡಿಗ್ರಿ ಎಂದರೆ ಟೈರಿನ ಅಂಚಿನಲ್ಲಿ ಸುಮಾರು ಎರಡು ಸೆಂಟಿಮೀಟರ್. ಬರಿಗಣ್ಣಿಗೆ ಧಾರಾಳವಾಗಿ ಕಾಣುವ ದೂರ ಅದು, ಯಾವ ಉಪಕರಣವೂ ಬೇಡ. ಗೇರುಗಳ ಹಲ್ಲಿನ ಸಂದು ಗೇರಿನಿಂದ ಗೇರಿಗೆ ತುಸು ಬದಲಾಗುವುದರಿಂದ ಒಂದೆರಡು ಮಿಲಿಮೀಟರಿನ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು.

ಇದಕ್ಕೆ ಅನುಭವಿ ಮೆಕ್ಯಾನಿಕ್ಕುಗಳ ಕಡೆಯಿಂದ ಬರುವ ಮೊದಲ ಆಕ್ಷೇಪ, ಬಳಪ ಯಾಕೆ, ಕಿವಿ ಸಾಲದೇ ಎಂಬುದು. ಕಿವಿಯನ್ನು ಕಡೆಗಣಿಸುವಂತಿಲ್ಲ. ಸಡಿಲ ಇದೆ ಎಂಬುದನ್ನು ಅದು ಅಳತೆಗಿಂತ ಮೊದಲೇ ಹೇಳುತ್ತದೆ. ಆದರೆ ಎಲ್ಲಿದೆ ಎಂಬುದರಲ್ಲಿ ಜಾವಾದ ರಚನೆಯೇ ಕಿವಿಗೆ ಮೋಸ ಮಾಡುತ್ತದೆ. ಜಾವಾ 250ರ ಹಿಂದಿನ ಚೈನು ಪೂರ್ತಿ ತಗಡಿನ ಚೈನ್‌ಕೇಸಿನೊಳಗೆ ಓಡುತ್ತದೆ. ಜೋತುಬಿದ್ದ ಚೈನು ಕೇಸಿಗೆ ಬಡಿದರೆ ಆ ಸದ್ದು ತಮಟೆಯಂತೆ ಗುಡುಗಿ, ಲೋಹದ ಗುಂಟ ಮುಂದೆ ಹೋಗಿ ಎಂಜಿನ್ನಿನ ಎಡಗವರಿನಿಂದಲೇ ಬಂದಂತೆ ಕೇಳುತ್ತದೆ. ಎಡಗವರಿನ ಒಳಗಿರುವುದು ಕ್ಲಚ್ಚು. ತೀರ್ಪು ದಾರಿ ತಪ್ಪಲು ಇಷ್ಟು ಸಾಕು. ಕಿವಿಗೆ ನಿಜವಾಗಿ ಒಪ್ಪಿಸಬೇಕಾದ ಕೆಲಸ ಬೇರೆ ಇದೆ: ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುವಾಗ ಎಡಗಡೆ ಬರುವ ಗಡಗಡ ಸದ್ದು ಕ್ಲಚ್ ಲಿವರ್ ಹಿಡಿದೊಡನೆ ಬದಲಾಗುತ್ತದೆಯೇ ಎಂದು ಕೇಳುವುದು. ಬದಲಾದರೆ ಸಂಶಯ ಬಾಸ್ಕೆಟ್ಟಿನ ಮೇಲೋ ಅದರ ಬೇರಿಂಗಿನ ಮೇಲೋ ಬೀಳಬೇಕು. ಬದಲಾಗದಿದ್ದರೆ ಪ್ರೈಮರಿ ಚೈನಿನ ಮೇಲೆ.

ಎಲ್ಲ ಸಡಿಲವೂ ದೋಷವಲ್ಲ. ಎಂಜಿನ್ನಿನ ಬಡಿತವನ್ನು ಮೆತ್ತಗಾಗಿಸಲೆಂದೇ ಹಿಂಚಕ್ರದ ಹಬ್ಬಿನೊಳಗೆ ರಬ್ಬರ್ ತುಂಡುಗಳನ್ನು ಕೂರಿಸಿರುತ್ತಾರೆ. ಕಾರಿನ ಕ್ಲಚ್ ಪ್ಲೇಟಿನ ನಡುವೆ ಸುತ್ತಲೂ ಕೂತ ಸ್ಪ್ರಿಂಗುಗಳ ಕೆಲಸವೂ ಇದೇ. ಚಕ್ರ ಆಡಿಸುವಾಗ ಕೈಗೆ ಬರುವ ವ್ಯತ್ಯಾಸ ಗಮನಿಸಬೇಕು. ತಳ್ಳಿದಷ್ಟೂ ತಡೆ ಹೆಚ್ಚುತ್ತ ಹೋಗಿ, ಬಿಟ್ಟರೆ ತಾನಾಗಿ ಹಿಂದಕ್ಕೆ ಬಂದರೆ ಅದು ಜೀವಂತ ಬಾಗು, ರಬ್ಬರಿನ ಕೆಲಸ. ತಡೆಯಿಲ್ಲದೆ ಸರಿದು 'ಟಕ್' ಎಂದು ನಿಂತು ಅಲ್ಲೇ ಉಳಿದರೆ ಅದು ಸತ್ತ ಸಡಿಲ. ರಬ್ಬರು ಒಣಗಿ ಕಲ್ಲಾಗಿದ್ದರೆ ಚಕ್ರದಲ್ಲಿ ಪ್ಲೇ ಕಡಿಮೆಯಿದ್ದೂ ಗಾಡಿ ಜಗ್ಗುತ್ತದೆ. ಆಗ ಅಳತೆಯೊಂದನ್ನೇ ನಂಬಿದವರು ಪೆಚ್ಚಾಗುತ್ತಾರೆ.

ಹಿಂದಿನ ಚೈನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕಾಲುವೆ ನೀರಾವರಿಯ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಸಡಿಲದ ದೊಡ್ಡ ಪಾಲು ಅದರದೇ. ಚೈನ್ ಎಳೆದುಕೊಂಡಿದೆ ಎನ್ನುವುದು ರೂಢಿಯ ಮಾತು. ಉಕ್ಕಿನ ಪಟ್ಟಿ ಎಳೆದುಕೊಳ್ಳುವುದಿಲ್ಲ. ಪ್ರತಿ ಕೀಲಿನಲ್ಲೂ ಪಿನ್ನು ಮತ್ತು ಬುಷ್ಷು ಉಜ್ಜಿ ಕೂದಲೆಳೆಯಷ್ಟು ಸವೆಯುತ್ತವೆ, ನೂರಕ್ಕೂ ಹೆಚ್ಚು ಕೊಂಡಿಗಳ ಆ ಕೂದಲೆಳೆಗಳು ಕೂಡಿ ಚೈನು ಉದ್ದವಾಗುತ್ತದೆ. ಉಜ್ಜುವ ಕೆಲಸಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ಬೇಕಾದಷ್ಟಿದೆ. ನಂಜನಗೂಡು ಕಡೆಯ ಕೆಮ್ಮಣ್ಣಿನ ಧೂಳು, ತಲಕಾಡಿನ ಸುತ್ತ ಕಾವೇರಿಯ ಮರಳು, ಗದ್ದೆ ಬದಿಯ ದಾರಿಯ ಕೆಸರು, ಇವು ಗ್ರೀಸಿನೊಂದಿಗೆ ಬೆರೆತರೆ ವಾಲ್ವ್ ಉಜ್ಜುವ ಪೇಸ್ಟಿನಂತೆಯೇ ಕೆಲಸ ಮಾಡುತ್ತವೆ. ಜಾವಾದ ಮುಚ್ಚಿದ ಚೈನ್‌ಕೇಸು ಇದನ್ನು ತಡೆಯಲೆಂದೇ ಮಾಡಿದ ಜಾಣ ಏರ್ಪಾಡು. ಸದ್ದು ಮಾಡುತ್ತದೆಂದೋ, ಚೈನ್ ಬಿಗಿ ಮಾಡಲು ತೊಡಕೆಂದೋ ಅದನ್ನು ಕಿತ್ತೆಸೆದ ಗಾಡಿಗಳಲ್ಲಿ ಚೈನು ಬಯಲಿಗೆ ಬಿದ್ದಿರುತ್ತದೆ. ಕೇಸು ಇರುವ ಗಾಡಿಗಳಲ್ಲಿ ಎದುರಾಗುವುದು ಇನ್ನೊಂದು ತೊಂದರೆ: ಕಣ್ಣಿಗೆ ಬೀಳದ ಚೈನು ವರ್ಷಗಟ್ಟಲೆ ನೆನಪಿಗೂ ಬರುವುದಿಲ್ಲ. ಅಳೆಯುವುದು ಕಷ್ಟವಲ್ಲ. ಅರ್ಧ ಅಂಗುಲ ಪಿಚ್ಚಿನ ಚೈನಿನಲ್ಲಿ 24 ಕೊಂಡಿಗಳ ಉದ್ದ ಹೊಸದರಲ್ಲಿ 12 ಅಂಗುಲ, ಅಂದರೆ 304.8 ಮಿಲಿಮೀಟರ್. ಚೈನನ್ನು ಬಿಗಿಯಾಗಿ ಎಳೆದು ಹಿಡಿದಾಗ ಅದು ಸುಮಾರು 311ಕ್ಕೆ ಬಂದಿದ್ದರೆ ಸವೆತ ಶೇ. 2ರಷ್ಟಾಗಿದೆ, ಚೈನಿನ ಆಯುಷ್ಯ ಮುಗಿದಿದೆ. ಆಗ ಸ್ಪ್ರಾಕೆಟ್ಟನ್ನು ಹಾಗೇ ಬಿಟ್ಟು ಹೊಸ ಚೈನು ಹಾಕಿದರೆ ಕೊಕ್ಕೆಯಾಗಿರುವ ಹಲ್ಲು ಹೊಸತನ್ನೂ ಬೇಗ ತಿನ್ನುತ್ತದೆ. ಬಿಗಿ ಮಾಡುವಾಗ ಚೈನು ಪೂರ್ತಿ ಸುತ್ತಿ ಬರುವವರೆಗೆ ಚಕ್ರವನ್ನು ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲಿ ಜೋಲು ನೋಡಬೇಕು. ಸಡಿಲವಾದ ಜಾಗ ನೋಡಿ ಬಿಗಿದರೆ ಬಿಗಿ ಜಾಗ ಬಂದಾಗಲೆಲ್ಲ ಗೇರ್ ಬಾಕ್ಸಿನ ಬೇರಿಂಗು ನರಳುತ್ತದೆ. ಜೋತ ಚೈನಿಗಿಂತ ಅತಿ ಬಿಗಿದ ಚೈನು ಮಾಡುವ ಹಾನಿ ದುಬಾರಿಯದು.

ಪ್ರೈಮರಿ ಚೈನಿನ ಪಾಡು ಬೇರೆ. ಎಂಜಿನ್ನು ಗೇರ್ ಬಾಕ್ಸು ಒಂದೇ ಕೇಸಿನಲ್ಲಿರುವುದರಿಂದ ಕ್ರ್ಯಾಂಕಿಗೂ ಕ್ಲಚ್ಚಿಗೂ ನಡುವಿನ ದೂರವನ್ನು ಬದಲಿಸಲು ಬರುವುದಿಲ್ಲ. ಎಣ್ಣೆಯಲ್ಲಿ ಓಡುವ ಕಾರಣ ಅದು ನಿಧಾನ ಸವೆಯುತ್ತದೆ ನಿಜ, ಆದರೆ ಸವೆದ ಮೇಲೆ ಬಿಗಿ ಮಾಡಲು ದಾರಿಯಿಲ್ಲ, ಬದಲಿಸಬೇಕು. ಹೊಂದಿಸಲಾಗದ ಇಂಥ ಕಡೆ ಶೇ. 1ರ ಸವೆತವನ್ನೇ ಎಲ್ಲೆಯೆಂದು ಹಿಡಿಯುವುದು ಕ್ಷೇಮ.

ಇನ್ನು ಕ್ಲಚ್ಚಿಗೆ ಬರೋಣ. ಜಾವಾದ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿದ, ಹಲವು ಪ್ಲೇಟುಗಳ ಕ್ಲಚ್ಚು. ಘರ್ಷಣೆಯ ಪ್ಲೇಟುಗಳಲ್ಲಿ ಕಾರ್ಕ್ ಇರುತ್ತದೆ. ಇದರ ವಿಶೇಷ, ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗ ಒಳಗಿನ ಯಂತ್ರವೇ ಕ್ಲಚ್ಚನ್ನು ಬಿಡಿಸುವುದು. ಕೈಯಲ್ಲಿ ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಸುಖಕ್ಕೆ ಹಳಬರು ಮರುಳಾಗಿದ್ದು ಇದರಿಂದಲೇ. ಆದರೆ ಇದೇ ಏರ್ಪಾಡು ಒಂದು ಸುಳ್ಳು ರೋಗವನ್ನೂ ಹುಟ್ಟಿಸುತ್ತದೆ. ಕಾಲನ್ನು ಲಿವರಿನ ಮೇಲೇ ಊರಿಕೊಂಡು ಓಡಿಸುವ ಅಭ್ಯಾಸವಿದ್ದರೆ, ಒಳಗಿನ ಹೊಂದಾಣಿಕೆಯಲ್ಲಿ ಬಿಡುವು ಸಾಲದಿದ್ದರೆ, ಪ್ಲೇಟುಗಳು ಸದಾ ಅರೆಬರೆ ಬಿಟ್ಟಿರುತ್ತವೆ. ಅದು ಹಾಫ್ ಕ್ಲಚ್ಚಿನ ಓಟವೇ, ಸವಾರನಿಗೆ ಗೊತ್ತಿರುವುದಿಲ್ಲ ಅಷ್ಟೆ. ಕೈ ಲಿವರಿನ ಕೇಬಲ್ಲನ್ನು ಒಂದಿಷ್ಟೂ ಫ್ರೀ ಪ್ಲೇ ಬಿಡದೆ ಬಿಗಿದಾಗಲೂ ಇದೇ ಗತಿ. ಹೀಗಾಗಿ ಸ್ಲಿಪ್ಪಿನ ದೂರು ಬಂದಾಗ ಮೊದಲು ನೋಡಬೇಕಾದ್ದು ಹೊಂದಾಣಿಕೆ, ಆಮೇಲೆ ಎಣ್ಣೆ, ಆಮೇಲೆ ಸ್ಪ್ರಿಂಗು, ಪ್ಲೇಟಿನ ಸರದಿ ಕೊನೆಯದು. ಗ್ಯಾರೇಜಿನಲ್ಲಿ ಈ ಸಾಲು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ, ಪ್ಲೇಟಿನ ಬೆಲೆ ಬಿಲ್ಲಿನಲ್ಲಿ ಕಾಣುತ್ತದೆ, ಅರ್ಧ ಸುತ್ತು ತಿರುಗಿಸಿದ ಸ್ಕ್ರೂ ಕಾಣುವುದಿಲ್ಲ.

ಸ್ಲಿಪ್ಪನ್ನು ಗುರುತಿಸುವುದರಲ್ಲಿ ಊರಿನ ನೆಲವೂ ಕೈವಾಡ ತೋರುತ್ತದೆ. ಕೋಯಿಕ್ಕೋಡಿನಿಂದ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ, ನಂಜನಗೂಡು, ಮೈಸೂರು ದಾಟಿ ತಿ. ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುತ್ತದೆ. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಹೇಳಿಕೊಳ್ಳುವ ಏರೇ ಇಲ್ಲ. ಸುತ್ತೂರಿನ ಕಡೆಯ ಕಪಿಲಾ ತೀರದ ರಸ್ತೆಯೂ ಅಷ್ಟೇ ಸಪಾಟು. ಇಲ್ಲಿ ಎಂಜಿನ್ನು ತನ್ನ ಪೂರ್ತಿ ಬಲವನ್ನು ಕ್ಲಚ್ಚಿನ ಮೇಲೆ ಹಾಕುವ ಸಂದರ್ಭವೇ ಅಪರೂಪ, ಸವೆದ ಪ್ಲೇಟೂ ಮಾನ ಉಳಿಸಿಕೊಳ್ಳುತ್ತದೆ. ಅದೇ ಗಾಡಿ ಇಬ್ಬರನ್ನು ಹೊತ್ತು ಮಸಿನಗುಡಿ ದಾಟಿ ಕಲ್ಲಟ್ಟಿಯ 36 ತಿರುವುಗಳನ್ನು ಏರಿ ಸುಮಾರು 2,240 ಮೀಟರ್ ಎತ್ತರದ ಊಟಿಗೆ ಹೊರಟರೆ ಗುಟ್ಟು ರಟ್ಟಾಗುತ್ತದೆ. ನಿನ್ನೆವರೆಗೆ ಚೆನ್ನಾಗಿತ್ತು, ಘಾಟಿಯಲ್ಲಿ ಕ್ಲಚ್ ಸುಟ್ಟುಹೋಯಿತು ಎಂಬ ಮಾತಿನ ಹಿಂದೆ ಬಹುಪಾಲು ಇರುವುದು ತಿಂಗಳುಗಟ್ಟಲೆಯ ಸವೆತ. ಅದು ಆದದ್ದು ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರಾಕ್ಟರುಗಳ ಹಿಂದೆ ಹಾಫ್ ಕ್ಲಚ್ಚಿನಲ್ಲಿ ತೆವಳುವಾಗ, ಜಾತ್ರೆಯ ಜನಜಂಗುಳಿಯಲ್ಲಿ ಮಾರು ಮಾರು ಸರಿಯುವಾಗ. ಬಯಲುಸೀಮೆಯವರು ಏರಿಗಾಗಿ ಕಾಯಬೇಕಿಲ್ಲ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಸುಮಾರು 40 ಕಿ.ಮೀ. ವೇಗದಲ್ಲಿರುವಾಗ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಕ್ಷಣಮಾತ್ರದಲ್ಲಿ ಉತ್ತರ ಸಿಗುತ್ತದೆ: ಎಂಜಿನ್ ಗೊಣಗುತ್ತ ಹೆಣಗಿದರೆ ಕ್ಲಚ್ಚು ಗಟ್ಟಿಯಿದೆ. ವೇಗ ಏರದೆ ಎಂಜಿನ್ನಿನ ದನಿಯೊಂದೇ ಏರಿದರೆ ಜಾರುತ್ತಿದೆ. ಹತ್ತಿರದಲ್ಲಿ ಏರು ಬೇಕೆನ್ನುವವರಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಕಾರಿನ ಒಣ ಕ್ಲಚ್ಚು ಜಾರಿದರೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಎಣ್ಣೆಯಲ್ಲಿರುವ ಜಾವಾ ಕ್ಲಚ್ಚು ಆ ಸೂಚನೆ ಕೊಡುವುದು ಕಡಿಮೆ. ಬದಲಿಗೆ ಗೇರ್ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಹರವಿದರೆ ಕಪ್ಪು ಬಣ್ಣವೂ ಕಾರ್ಕಿನ ಚೂರುಗಳೂ ಸಾಕ್ಷಿ ಹೇಳುತ್ತವೆ. ಕಿಕ್ಕಿನ ಬಲವೂ ಕ್ಲಚ್ಚಿನ ಮೂಲಕವೇ ಎಂಜಿನ್ನಿಗೆ ಹೋಗುವುದರಿಂದ, ಕಿಕ್ ಹೊಡೆದಾಗ ಲಿವರ್ ಕೆಳಗಿಳಿದರೂ ಎಂಜಿನ್ ತಿರುಗದಿದ್ದರೆ ಅದನ್ನೂ ಸಾಕ್ಷಿಗೆ ಸೇರಿಸಬಹುದು. ಕಿಕ್ಕಿನ ಹಲ್ಲೇ ಸವೆದಿದ್ದರೂ ಹೀಗಾಗುತ್ತದೆ, ಆದ್ದರಿಂದ ಇದೊಂದನ್ನೇ ನೆಚ್ಚಬಾರದು.

ಎರಡು ಸ್ಟ್ರೋಕಿನ ಎಂಜಿನ್ನಿಗೆ ತನ್ನದೇ ಆದ ವೇಷಗಳಿವೆ. ಅರೆ ತೆರೆದ ಆಕ್ಸಿಲರೇಟರಿನಲ್ಲಿ ಅದು ಪ್ರತಿ ಸುತ್ತಿಗೂ ಹೊತ್ತಿಕೊಳ್ಳದೆ ಒಂದು ಬಿಟ್ಟು ಒಂದು ಹೊತ್ತಿಕೊಳ್ಳುತ್ತದೆ. ಆಗಿನ ಕುಲುಕಾಟ ಥೇಟ್ ಚೈನ್ ಸಡಿಲದಂತೆಯೇ ಇರುತ್ತದೆ. ಕೊಂಚ ಆಕ್ಸಿಲರೇಟರ್ ಕೊಟ್ಟೊಡನೆ ಮಾಯವಾದರೆ ಅದು ಕಾರ್ಬುರೇಟರಿನ ವಿಷಯ, ಚೈನಿನದಲ್ಲ. ಇನ್ನೊಂದು ವೇಷ ಕ್ರ್ಯಾಂಕಿನ ಆಯಿಲ್ ಸೀಲಿನದು. ಸೀಲು ಸೋತು ಗಾಳಿ ಒಳಗೆ ನುಗ್ಗಿದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದೆ ನೇತಾಡುತ್ತದೆ, ಸ್ಲಿಪ್ ಎಂದೇ ಭ್ರಮೆ ಹುಟ್ಟುತ್ತದೆ. ನಿಂತ ಗಾಡಿಯಲ್ಲಿ, ನ್ಯೂಟ್ರಲ್‌ನಲ್ಲೂ ಹಾಗೇ ಆದರೆ ಕ್ಲಚ್ಚು ನಿರ್ದೋಷಿ. ಎಡಗಡೆಯ ಸೀಲಾಗಿದ್ದರೆ ಗೇರಿನ ಎಣ್ಣೆಯನ್ನೇ ಎಂಜಿನ್ನು ಹೀರಿ ಸುಡುತ್ತದೆ. ಹೊಗೆ ದಟ್ಟವಾಗುತ್ತದೆ, ಎಣ್ಣೆ ಮಟ್ಟ ಇಳಿಯುತ್ತದೆ, ಕಡೆಗೆ ಪ್ರೈಮರಿ ಚೈನೂ ಕಾರ್ಕೂ ಒಣಗಿ ನಿಜವಾದ ರೋಗವೇ ಬರುತ್ತದೆ.

ಎರಡನೆಯ ಆಕ್ಷೇಪ ಕಾಸಿನದು, ಅದಕ್ಕೆ ಹೆಚ್ಚು ತೂಕವಿದೆ: ಹೇಗೂ ಬಿಚ್ಚುತ್ತೀರಿ, ಕೂಲಿಯೇ ದೊಡ್ಡ ಖರ್ಚು, ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಟ್ಟರಾಯಿತಲ್ಲ? ಅಂಬಾಸಡರ್, ಪದ್ಮಿನಿ, ಕಾಂಟೆಸ್ಸಾದಂಥ ಹಳೆಯ ಕಾರುಗಳಲ್ಲಿ ಇದು ಸರಿ. ಅಲ್ಲಿ ಕ್ಲಚ್ ಪ್ಲೇಟ್ ನೋಡಲು ಗೇರ್ ಬಾಕ್ಸನ್ನೇ ಇಳಿಸಬೇಕು. ಇಳಿಸಿದ ಮೇಲೆ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸದಿರುವುದು ಜಿಪುಣತನ. ಆದರೆ ಆ ಕಾರುಗಳಲ್ಲೂ 'ಟಕ್' ಸದ್ದಿಗೆ ಕಾರಣ ಹೆಚ್ಚಾಗಿ ಪ್ರೊಪೆಲರ್ ಶಾಫ್ಟಿನ ಯು.ಜೆ. ಕ್ರಾಸು, ಇಲ್ಲವೇ ಡಿಫ್ರೆನ್ಷಿಯಲ್ಲಿನ ಕ್ರೌನ್–ಪಿನಿಯನ್ ನಡುವಿನ ಸಂದು. ಎರಡೂ ಗೇರ್ ಬಾಕ್ಸಿನ ಹಿಂದಿರುವಂಥವು. ಗೇರ್ ಬಾಕ್ಸ್ ಇಳಿಸಿದ ಕೂಲಿ ಪೂರ್ತಿ ದಂಡವಾಗುವುದು ಹೀಗೆ. ಕಾರಿನಡಿ ಮಲಗಿ ಶಾಫ್ಟನ್ನು ಎರಡೂ ಕೈಯಿಂದ ಹಿಡಿದು ತಿರುಚಿದರೆ ಕ್ರಾಸಿನ ಸಡಿಲ ಕೈಗೇ ತಿಳಿಯುತ್ತದೆ. ಜಾವಾದಲ್ಲಂತೂ ಒಟ್ಟಿಗೆ ಬದಲಿಸುವ ವಾದ ನಿಲ್ಲುವುದೇ ಇಲ್ಲ. ಎಡಗವರು ತೆಗೆದರೆ ಕ್ಲಚ್ಚು ಎದುರಿಗೇ ಇರುತ್ತದೆ, ಎಂಜಿನ್ ಇಳಿಸುವ ಮಾತಿಲ್ಲ. ಮೇಲಾಗಿ ಕಾರ್ಖಾನೆ ನಿಂತ ಮೇಲೆ ಪೇಟೆಯಲ್ಲಿ ಸಿಗುವ ಬಿಡಿಭಾಗಗಳ ಗುಣ ಒಂದೇ ಸಮನಾಗಿಲ್ಲ. ಅಳತೆಯಲ್ಲಿ ಇನ್ನೂ ಸರಿಯಿರುವ ಮೂಲ ಪ್ಲೇಟನ್ನು ತೆಗೆದು, ಎಲ್ಲಿಯದೆಂದು ತಿಳಿಯದ ಹೊಸದನ್ನು ಹಾಕುವುದು ಲಾಭದ ವ್ಯಾಪಾರವೇನಲ್ಲ. ಹಾಕಲೇಬೇಕಾದಾಗ ಕಾರ್ಕ್ ಪ್ಲೇಟುಗಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿ ಕೂರಿಸಬೇಕು. ಒಣ ಕಾರ್ಕು ಮೊದಲ ಹತ್ತು ಕಿಲೋಮೀಟರಿನಲ್ಲೇ ಮೇಲ್ಮೈ ಸುಟ್ಟುಕೊಂಡು ಗಾಜಿನಂತೆ ನುಣುಪಾಗಿಬಿಡಬಹುದು.

ಹಳೆಯ ಗಾಡಿ ಎಂದ ಮೇಲೆ ಒಂದಿಷ್ಟು ಸಡಿಲ ಇರುವುದೇ, ಹಾಗೇ ಓಡಿಸಿದರಾಯಿತು ಎನ್ನುವವರೂ ಇದ್ದಾರೆ. ಸಡಿಲ ಹೆಚ್ಚದೆ ಇದ್ದಲ್ಲೇ ಇರುತ್ತದೆಂದಾದರೆ ಆ ಮಾತು ಒಪ್ಪಬಹುದಿತ್ತು. ಅದು ಹಾಗಿರುವುದಿಲ್ಲ. ಪ್ರತಿ ಹೊಡೆತವೂ ತನ್ನ ಸಂದನ್ನು ಇನ್ನಷ್ಟು ಅಗಲಿಸುತ್ತದೆ, ಜೊತೆಗೆ ಪಕ್ಕದ ಭಾಗಕ್ಕೂ ಏಟು ದಾಟಿಸುತ್ತದೆ. ಎಡಗವರು ತೆಗೆದಾಗ ಇದರ ಗುರುತು ಬಾಸ್ಕೆಟ್ಟಿನ ಬೆರಳುಗಳ ಮೇಲೆ ಕಾಣುತ್ತದೆ. ಪ್ಲೇಟಿನ ಕಿವಿಗಳು ವರ್ಷಗಟ್ಟಲೆ ಬಡಿದು ಬಡಿದು ಆ ಬೆರಳುಗಳ ಅಂಚಿನಲ್ಲಿ ಸಾಲಾಗಿ ಕಚ್ಚುಗಳು ಬಿದ್ದಿರುತ್ತವೆ, ಗರಗಸದ ಹಲ್ಲಿನಂತೆ. ಕ್ಲಚ್ ಹಿಡಿದಾಗ ಪ್ಲೇಟುಗಳು ಸಲೀಸಾಗಿ ಸರಿಯದೆ ಆ ಕಚ್ಚುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಗೇರು ಬೀಳುವಾಗ ಗಾಡಿ ಮುಂದಕ್ಕೆ ನೆಗೆಯುತ್ತದೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಬೆಳಗಿನ ಮೊದಲ ಗೇರಿಗೆ ಮಾತ್ರ ಹೀಗಾದರೆ ಅದು ತಣ್ಣಗಿನ ಎಣ್ಣೆಗೆ ಪ್ಲೇಟುಗಳು ಅಂಟಿಕೊಂಡದ್ದು, ಕ್ಲಚ್ ಹಿಡಿದು ಒಂದೆರಡು ಸಲ ಕಿಕ್ ತುಳಿದರೆ ಬಿಡುತ್ತವೆ. ಎಂಜಿನ್ ಕಾದ ಮೇಲೂ ಹೀಗೇ ಇದ್ದರೆ ಕಚ್ಚುಗಳನ್ನು ಅರದಿಂದ ಉಜ್ಜಿ ಸಮ ಮಾಡಬಹುದು, ಆಳ ಕಡಿಮೆಯಿದ್ದರೆ. ಆಳವಿದ್ದರೆ ಬಾಸ್ಕೆಟ್ಟನ್ನೇ ಬದಲಿಸಬೇಕು. ಕಚ್ಚು ಬಿದ್ದ ಹಳೆಯ ಬಾಸ್ಕೆಟ್ಟಿನಲ್ಲೇ ಹೊಸ ಪ್ಲೇಟು ಹಾಕಿದರೂ ಮೊದಲ ವಾರ ಕಳೆಯುವುದರೊಳಗೆ ಹಳೆಯ ದೂರೇ ಮರಳಿ ಬರುತ್ತದೆ.